ಹಗೇವಿನ ಬಾಯಲ್ಲಿ ಕಾಯುವ ಹೊತ್ತು

ಹಳೆ ಮೈಸೂರಿನ ರಾಗಿ ಸೀಮೆಯಲ್ಲೂ ಉತ್ತರದ ಜೋಳದ ನಾಡಿನಲ್ಲೂ ಕಾಳನ್ನು ನೆಲದೊಳಗೆ ಕೂಡಿಡುವ ಪದ್ಧತಿ ಬಹುಕಾಲ ನಡೆದುಬಂತು. ನೀರು ನಿಲ್ಲದ ಗಟ್ಟಿ ನೆಲ ನೋಡಿ ತೋಡಿದ ಹಗೇವಿಗೆ ಒಬ್ಬ ಆಳು ಇಳಿಯುವಷ್ಟೇ ಬಾಯಿ. ಕೆಳಗೆ ಹೋದಂತೆ ಗುಡಾಣದ ಹಾಗೆ ಅಗಲ. ಒಳಗೋಡೆಗೆ ಹುಲ್ಲು ಒತ್ತಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಅದನ್ನು ಕೆಡದಂತೆ ಕಾಯುತ್ತಿದ್ದದ್ದೇ ಮನುಷ್ಯನ ಜೀವಕ್ಕೆ ಮುಳುವಾಗುತ್ತಿತ್ತು. ಮುಚ್ಚಿದ ಗುಂಡಿಯಲ್ಲಿ ಕಾಳೂ ಉಸಿರಾಡುತ್ತದೆ. ಆಮ್ಲಜನಕ ಕರಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಸಾಯುವುದು ಆ ಗಾಳಿಗೆ, ಅವಸರದಲ್ಲಿ ಇಳಿದ ಆಳು ಸಾಯುವುದೂ ಅದೇ ಗಾಳಿಗೆ. ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರದ ಈ ಅನಿಲ ತಳ ಹಿಡಿದು ಕೂರುವುದರಿಂದ, ಚಪ್ಪಡಿ ಸರಿಸಿದ ಕೂಡಲೇ ಹೊರಗೆ ಬರುವುದೂ ಇಲ್ಲ.

ಹಗೇವು ತೆಗೆಯುವವರಿಗೆ ಇದರ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ನಡವಳಿಕೆ ಗೊತ್ತಿತ್ತು. ಬಾಯಿ ತೆರೆದು ಒಳಗಿನ ಕೆಟ್ಟ ಗಾಳಿ ಹೋಗಲು ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿರಲಿಲ್ಲ. ಇಳಿದವನ ಮೇಲೆ ಕಣ್ಣಿಡಲು ಬಾಯಲ್ಲಿ ಒಬ್ಬ ನಿಂತಿರಬೇಕಿತ್ತು. ಗಾಳಿ ಆಡಲು ಬಿಡು, ಪರೀಕ್ಷಿಸು, ಮೇಲೊಬ್ಬನನ್ನು ನಿಲ್ಲಿಸು: ಇಂದಿನ ಸುರಕ್ಷತಾ ಕೈಪಿಡಿಗಳ ತಿರುಳೂ ಈ ಮೂರೇ. ಹಾಗಾಗಿ ಚರಂಡಿಯಂಥ ಇಕ್ಕಟ್ಟಿನ ಗುಂಡಿಗಳಲ್ಲಿ ಜನ ಸತ್ತದ್ದು ತಿಳಿವಳಿಕೆ ಇಲ್ಲದೆ ಎನ್ನುವ ವಾದವನ್ನು ನಾನು ಒಪ್ಪಲಾರೆ. ತಿಳಿವಳಿಕೆ ಹಳೆಯದು. ಇಳಿಯುವವನಿಗಾಗಿ ಕಾಯುವಷ್ಟು ಹೊತ್ತನ್ನು ಯಾರಿಗೆ ಕೊಟ್ಟೆವು, ಯಾರಿಗೆ ಕೊಡಲಿಲ್ಲ ಎಂಬುದರಲ್ಲೇ ಈ ಚರಿತ್ರೆಯಿದೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಹಗೇವಿನ ಜಾಣತನ ಚರಂಡಿಗೆ ಸಾಲದು. ದೀಪ ಹೇಳುವುದು ಆಮ್ಲಜನಕದ ಮಾತನ್ನು ಮಾತ್ರ. ಕೊಳೆತ ಮಲದಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷಕ್ಕೆ ನೂರು ಪಾಲು ಆಗುವಷ್ಟರಲ್ಲೇ ಮೂಗನ್ನು ಮರಗಟ್ಟಿಸುತ್ತದೆ. ಕೊಳೆತ ಮೊಟ್ಟೆಯ ನಾತ ನಿಂತುಹೋದಾಗ ಗಾಳಿ ಶುದ್ಧವಾಯಿತೆಂದು ಇಳಿದವನು ಭ್ರಮಿಸುತ್ತಾನೆ. ಸಾವಿರ ಪಾಲಾದರೆ ಒಂದೆರಡು ಉಸಿರಿಗೇ ಬೀಳುತ್ತಾನೆ. ಅಷ್ಟಾದರೂ ದೀಪ ಉರಿಯುತ್ತಲೇ ಇರಬಹುದು. ಮೀಥೇನ್ ಸೇರಿದ್ದರೆ ಆ ದೀಪದಿಂದಲೇ ಸ್ಫೋಟವೂ ಆಗಬಹುದು. ಈ ಆಕ್ಷೇಪ ಸರಿ. ಹಗೇವಿನಲ್ಲೂ ಜನ ಸತ್ತಿದ್ದಾರೆ, ಹಳೆಯದೆಲ್ಲ ಚೆನ್ನ ಎನ್ನುವುದು ನನ್ನ ವಾದವಲ್ಲ. ಆದರೆ ದೀಪದ ಜಾಗಕ್ಕೆ ಅನಿಲಮಾಪಕ ಬರಬೇಕು ಎಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ. ಕಾಯುವುದು, ಪರೀಕ್ಷಿಸುವುದು, ಮೇಲೆ ಆಳು ನಿಲ್ಲಿಸುವುದು ಬೇಡವೆಂದು ಆಗುವುದಿಲ್ಲ.

ನಮ್ಮ ದೇಶದ ಕಾನೂನಿಗೂ ಇದು ಹೊಸದಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಕಲಮು ವಿಷಗಾಳಿ ಇರಬಹುದಾದ ತೊಟ್ಟಿ, ಗುಂಡಿ, ಕೊಳವೆಗಳಿಗೆ ಹಾಗೇ ಇಳಿಸುವುದನ್ನು ನಿಷೇಧಿಸಿತು. ಬಲ್ಲವರು ಸ್ವತಃ ಪರೀಕ್ಷಿಸಿ ಬರಹದಲ್ಲಿ ಪ್ರಮಾಣಪತ್ರ ಕೊಡಬೇಕಿತ್ತು. ಇಲ್ಲವೇ ಇಳಿಯುವವನಿಗೆ ಉಸಿರಾಟದ ಸಲಕರಣೆ, ಸೊಂಟದ ಪಟ್ಟಿಗೆ ಹಗ್ಗ, ಹಗ್ಗದ ತುದಿ ಹೊರಗೆ ನಿಂತವನ ಕೈಯಲ್ಲಿ ಇರಬೇಕಿತ್ತು. ಕಾರ್ಖಾನೆಯ ಕಾಂಪೌಂಡಿನೊಳಗೆ ಪ್ರಮಾಣಪತ್ರ ಇಲ್ಲವೇ ಹಗ್ಗ ಕಡ್ಡಾಯವಾಗಿತ್ತು. ಅದೇ ಕಾಂಪೌಂಡಿನಾಚೆ, ಬೀದಿಯ ಮ್ಯಾನ್‌ಹೋಲಿಗೆ ಇಳಿಯುವವನು ಈ ಕಾಯ್ದೆಯ ಲೆಕ್ಕಕ್ಕೇ ಸಿಗಲಿಲ್ಲ. ಕರ್ನಾಟಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಲು ಹೊರಟದ್ದು ದೊಡ್ಡ ಹೆಜ್ಜೆ. ಮಲ ಹೊರಿಸುವುದನ್ನು ನಿಷೇಧಿಸಿದ 1993ರ ಕೇಂದ್ರ ಕಾಯ್ದೆ ನೋಡಿದ್ದು ಮುಖ್ಯವಾಗಿ ಒಣ ಪಾಯಿಖಾನೆಗಳ ಕಡೆಗೆ. ಚರಂಡಿ, ಸೆಪ್ಟಿಕ್ ಟ್ಯಾಂಕುಗಳ ಅಪಾಯಕಾರಿ ಸ್ವಚ್ಛತೆ ಕಾನೂನಿನ ನೇರ ನಿಷೇಧಕ್ಕೆ ಒಳಪಟ್ಟದ್ದು 2013ರಲ್ಲಿ. 1948ಕ್ಕೂ 2013ಕ್ಕೂ ನಡುವೆ 65 ವರ್ಷ. ಇಳಿಯುತ್ತಿದ್ದವರು ಯಾವ ಜಾತಿಯವರು ಎಂಬುದನ್ನು ಬಿಟ್ಟು ಈ ಅಂತರವನ್ನು ವಿವರಿಸಲು ನನಗೆ ಬೇರೆ ದಾರಿ ಕಾಣುವುದಿಲ್ಲ.

ಸಲಕರಣೆ ಕೊಟ್ಟರೂ ಕಾರ್ಮಿಕರೇ ಹಾಕಿಕೊಳ್ಳುವುದಿಲ್ಲ ಎನ್ನುವವರಿದ್ದಾರೆ. ಇಕ್ಕಟ್ಟಿನ ಬಾಯಲ್ಲಿ ತೂರದ, ಒಳಗೆ ಕೈ ಆಡಿಸಲು ಬಿಡದ ಸಲಕರಣೆಯನ್ನು ಕೊಟ್ಟು, ಕೂಲಿಯನ್ನು ಗುಂಡಿಗಿಷ್ಟು ಎಂದು ಗೊತ್ತುಮಾಡಿದರೆ, ಕಾಯುವ ಪ್ರತಿ ಗಳಿಗೆಯೂ ಅವನ ಹೊಟ್ಟೆಯಿಂದಲೇ ಕಳೆಯುತ್ತದೆ. ಹಗೇವು ತೆಗೆಯುವಾಗ ಕಾದ ಹೊತ್ತಿನ ನಷ್ಟ ಕಾಳಿನ ಒಡೆಯನದು. ಮೇಲೆ ಹಗ್ಗ ಹಿಡಿಯುವವನಿಲ್ಲದಾಗ ಆಗುವ ಇನ್ನೊಂದು ಅನಾಹುತವೂ ಇದೆ: ಬಿದ್ದವನನ್ನು ಎತ್ತಲು ಅಣ್ಣನೋ ಭಾವನೋ ಹಿಂದೆಯೇ ಇಳಿಯುತ್ತಾನೆ. ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ಕಾಪಾಡಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಕಾಯದ ಹೊತ್ತಿಗೆ ತೆರಬೇಕಾದ ಬೆಲೆಯೂ ಇದೆ: ನಮ್ಮ ಸರ್ವೋಚ್ಚ ನ್ಯಾಯಾಲಯ ಚರಂಡಿಯಲ್ಲಾಗುವ ಸಾವಿಗೆ 2014ರಲ್ಲಿ 10 ಲಕ್ಷ, 2023ರಲ್ಲಿ 30 ಲಕ್ಷ ರೂಪಾಯಿ ಪರಿಹಾರ ಗೊತ್ತುಮಾಡಿತು.

2013ರ ಕಾಯ್ದೆ ನಗರಸಭೆಗೆ ಮಾತ್ರವಲ್ಲ, ಗುಂಡಿಗೆ ಆಳು ಇಳಿಸುವ ಮನೆಯೊಡೆಯರಿಗೂ ಅನ್ವಯಿಸುತ್ತದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನಿಮ್ಮ ಮನೆಯ ಗುಂಡಿಯ ಮುಚ್ಚಳ ತೆಗೆಸುವ ದಿನ ಹೀರುವ ಯಂತ್ರದ ಗಾಡಿಯನ್ನು ಕರೆಸಿ. ಯಾರಾದರೂ ಇಳಿಯಲು ಹೊರಟರೆ ತಡೆಯಿರಿ.