ನಡೆಯೋದು ನೀವು, ದುಡ್ಡು ನಾನ್ಯಾಕೆ ಕೊಡಲಿ?

ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ವಿಜಯನಗರದ ಕಡೆಯಿಂದಲೂ ಒಂದಷ್ಟು ಜನ ಧರ್ಮಸ್ಥಳಕ್ಕೆ ನಡೆದೇ ಹೊರಡುತ್ತಾರೆ. ಸುಮಾರು 300 ಕಿ.ಮೀ. ದಾರಿ, ಕೊನೆಗೆ ಚಾರ್ಮಾಡಿ ಘಾಟಿ. ದಾರಿಯಲ್ಲಿ ಸಿಗುವ ಊರಿನವರು ಮಜ್ಜಿಗೆ, ಊಟ ಕೊಟ್ಟು ಕಳಿಸುತ್ತಾರೆ. ನಡೆಯುವವರಿಗೆ ಹರಕೆ, ಬಡಿಸುವವರಿಗೆ ಪುಣ್ಯ. ಲೆಕ್ಕ ಸರಳ.

ಹಾಗಾಗಿ "ನಾವು ನಾಲ್ಕು ಜನ 100 ಕಿ.ಮೀ. ನಡೀತೀವಿ, ನೀವು ದೇಣಿಗೆ ಕೊಡಿ" ಅಂತ ಪರಿಚಯದ ಹುಡುಗನೊಬ್ಬ ಕೇಳಿದಾಗ ನನಗೆ ನಗು ಬಂದಿತ್ತು. ನಡೆಯೋದು ನೀನು, ದುಡ್ಡು ನಾನ್ಯಾಕೆ ಕೊಡಲಿ?

ಅವನು ಹೊರಟಿದ್ದು ಆಕ್ಸ್‌ಫ್ಯಾಮ್ ಟ್ರೇಲ್‌ವಾಕರ್ ಎಂಬ ನಡಿಗೆಗೆ. ಇದರ ಮೂಲ ಹುಡುಕಿದರೆ ಸಿಗುವುದು ಸೈನಿಕರ ಕವಾಯತು! 1981ರಲ್ಲಿ ಹಾಂಗ್‌ಕಾಂಗಿನಲ್ಲಿದ್ದ ಬ್ರಿಟಿಷ್ ಸೇನೆಯ ಗೂರ್ಖಾ ಸಿಗ್ನಲ್ಸ್ ಪಡೆ ತನ್ನ ತರಬೇತಿಗೆಂದು ಇದನ್ನು ಶುರು ಮಾಡಿತು. 1979ರಲ್ಲಿ ತೆರೆದಿದ್ದ ಮ್ಯಾಕ್‌ಲೆಹೋಸ್ ಟ್ರೇಲ್ ಎಂಬ 100 ಕಿ.ಮೀ. ಗುಡ್ಡದ ದಾರಿಯೇ ಅದರ ಅಂಗಳ. ನಮ್ಮ ಲೆಕ್ಕದಲ್ಲಿ ಬೆಂಗಳೂರಿಂದ ಮಂಡ್ಯದಷ್ಟು ದೂರ, ಆದರೆ ಬರೀ ಏರು-ಇಳಿವು.

1986ರಲ್ಲಿ ಅದು ಸಾರ್ವಜನಿಕರಿಗೂ ತೆರೆಯಿತು, ಹಾಂಗ್‌ಕಾಂಗಿನ ಆಕ್ಸ್‌ಫ್ಯಾಮ್ ಸಂಸ್ಥೆ ಜೊತೆ ಸೇರಿತು. 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಮರಳಿದಾಗ ಗೂರ್ಖಾಗಳು ಹೊರಟರು, ನಡಿಗೆ ಮಾತ್ರ ಅಲ್ಲೇ ಉಳಿಯಿತು. ಆಮೇಲೆ ಆಸ್ಟ್ರೇಲಿಯಾ ಮತ್ತು ಬೇರೆ ದೇಶಗಳಿಗೂ ಹಬ್ಬಿತು. 2012ರಲ್ಲಿ ಭಾರತಕ್ಕೆ ಬಂದಾಗ ಮೊದಲು ಕಾಲಿಟ್ಟದ್ದು ನಮ್ಮ ಬೆಂಗಳೂರಿನ ಹೊರವಲಯದ ಹಳ್ಳಿದಾರಿಗಳಲ್ಲಿ. ನಂತರ ಮುಂಬೈ ಕಡೆಗೂ ಹೋಯಿತು.

ಇಷ್ಟೊಂದು ಬೆಳೆದದ್ದು ಹೇಗೆ? ನನಗನ್ನಿಸುವಂತೆ ಗುಟ್ಟು ಅದರ ನಿಯಮಗಳಲ್ಲಿದೆ. ಒಂದು ತಂಡಕ್ಕೆ ನಾಲ್ಕು ಜನ, 48 ಗಂಟೆ ಗಡುವು. ನಾಲ್ವರೂ ಒಟ್ಟಿಗೆ ನಡೆಯಬೇಕು. ಒಬ್ಬನ ಕಾಲಲ್ಲಿ ಬೊಬ್ಬೆ ಎದ್ದರೆ ಮಿಕ್ಕ ಮೂವರೂ ನಿಧಾನಿಸಲೇಬೇಕು. ಜೊತೆಗೆ ಪ್ರತಿ ತಂಡವೂ ಹೊರಡುವ ಮೊದಲೇ ಬಂಧುಗಳು, ಸ್ನೇಹಿತರು, ಆಫೀಸಿನವರ ಬಳಿ ಹೋಗಿ ದೇಣಿಗೆ ಕೂಡಿಸಬೇಕು. ಹಾಗಾಗಿ ಒಂದು ತಂಡ ನಡೆದರೆ ಹತ್ತಾರು ಮನೆಗಳಿಗೆ ಸುದ್ದಿ ಮುಟ್ಟುತ್ತದೆ.

ಇಲ್ಲೇ ನನ್ನ ಪ್ರಶ್ನೆಗೂ ಉತ್ತರ ಸಿಕ್ಕಿತು. ಧರ್ಮಸ್ಥಳದ ದಾರಿಯಲ್ಲಿ ಅನ್ನ ಕೊಡುವವನಿಗೆ ಉಣ್ಣುವವನು ಎದುರಿಗೇ ಕಾಣುತ್ತಾನೆ. ಇಲ್ಲಿ ಕಾಣುವುದಿಲ್ಲ. ನನ್ನ ಹಣ ತಲುಪುವುದು ಎಲ್ಲೋ ಇರುವ, ನಾನು ಯಾವತ್ತೂ ನೋಡದ ಮನೆಗೆ. ನಡುವೆ ನನಗೆ ಗೊತ್ತಿರುವುದು ಆ ಹುಡುಗ ಒಬ್ಬನೇ. ಅವನು ಎರಡು ರಾತ್ರಿ ನಿದ್ದೆಗೆಟ್ಟು ನಡೆಯುತ್ತಾನೆ ಅಂದರೆ, ಇವನಿಗೆ ಇದು ಬಾಯಿಮಾತಲ್ಲ ಅಂತ ನನಗೆ ನಂಬಿಕೆ ಬರುತ್ತದೆ.

ಆದರೆ ಅವನ ಕಾಲುನೋವು ಹಣದ ಲೆಕ್ಕ ಹೇಳುವುದಿಲ್ಲ, ಅಲ್ವಾ? ಅದನ್ನು ನಾವೇ ಕೇಳಬೇಕು. 2022ರ ಜನವರಿಯಿಂದ ಆಕ್ಸ್‌ಫ್ಯಾಮ್ ಇಂಡಿಯಾಕ್ಕೆ ವಿದೇಶಿ ದೇಣಿಗೆ ಪಡೆಯುವ ಪರವಾನಗಿ ನವೀಕರಣವಾಗಲಿಲ್ಲ. ಹೊರಗಿನ ಹಣ ನಿಂತಾಗ ಯಾವುದೇ ಸಂಸ್ಥೆಗಾದರೂ ಊರಿನವರ ನೂರು, ಇನ್ನೂರು ರೂಪಾಯಿಯೇ ಆಸರೆ. ಕೊಡುವ ನಮಗೂ ಆಗ ಕೇಳುವ ಹಕ್ಕು ಹೆಚ್ಚು, ಕೇಳಬೇಕಾದ ಹೊಣೆಯೂ ಹೆಚ್ಚು.

ಅವತ್ತು ನಾನು ನಗುತ್ತಲೇ 500 ರೂಪಾಯಿ ಕೊಟ್ಟೆ. ಅವನು ಕುಂಟುತ್ತಾ ವಾಪಸ್ ಬಂದಾಗ ಕಾಲು ಹೇಗಿದೆ ಅಂತ ಕೇಳಿದೆ. ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳಲಿಲ್ಲ. ಕೇಳಬೇಕಿತ್ತು...