‘ವೇಟಿಂಗ್ ಫಾರ್ ದಿ ಮಹಾತ್ಮ’: ಚಳವಳಿಯ ನಡುವೆ ಒಂದು ಪ್ರೇಮಕಥೆ

ಸ್ವಾತಂತ್ರ್ಯ ಹೋರಾಟದ ಕಾದಂಬರಿಗಳ ನಾಯಕರು ಸಾಮಾನ್ಯವಾಗಿ ದೇಶಭಕ್ತಿಯ ಕರೆಗೆ ಓಗೊಟ್ಟು ಮನೆ ತೊರೆಯುತ್ತಾರೆ. ಮೈಸೂರಿನಲ್ಲಿ ದೀರ್ಘಕಾಲ ನೆಲೆಸಿದ್ದ ಇಂಗ್ಲಿಷ್ ಕಾದಂಬರಿಕಾರ ಆರ್.ಕೆ. ನಾರಾಯಣ್ (1906-2001) ಅವರ ‘ವೇಟಿಂಗ್ ಫಾರ್ ದಿ ಮಹಾತ್ಮ’ದ ಶ್ರೀರಾಮ ಹಾಗಲ್ಲ. ಅವನು ಚಳವಳಿಗೆ ಸೇರಿದ್ದು ಒಬ್ಬ ಹುಡುಗಿಗಾಗಿ. 1955ರಲ್ಲಿ ಪ್ರಕಟವಾದ ಈ ಕೃತಿಯ ವೈಶಿಷ್ಟ್ಯವೂ ಅದೇ.

ಕಥೆ ನಡೆಯುವುದು ನಾರಾಯಣ್ ಅವರ ಕಲ್ಪನೆಯ ಊರು ಮಾಲ್ಗುಡಿಯಲ್ಲಿ. ತಂದೆ ತಾಯಿಯಿಲ್ಲದ ಶ್ರೀರಾಮ ಅಜ್ಜಿಯ ಆಸರೆಯಲ್ಲಿ ಬೆಳೆದವನು. ಯುದ್ಧದಲ್ಲಿ ಮಡಿದ ತಂದೆಯ ಪಿಂಚಣಿಯನ್ನು ಅಜ್ಜಿ ಬ್ಯಾಂಕಿನಲ್ಲಿ ಕೂಡಿಟ್ಟು, ಇಪ್ಪತ್ತು ತುಂಬಿದಾಗ ಅವನ ಕೈಗೊಪ್ಪಿಸುತ್ತಾಳೆ. ಸುಖವಾಗಿ ಕಾಲ ಕಳೆಯುತ್ತಿದ್ದ ಯುವಕನ ಕಣ್ಣಿಗೆ, ಪೇಟೆಯಲ್ಲಿ ಚಂದಾ ಎತ್ತುತ್ತಿದ್ದ ಭಾರತಿ ಬೀಳುತ್ತಾಳೆ. ಆಕೆಯ ತಂದೆ ಅಸಹಕಾರ ಚಳವಳಿಯಲ್ಲಿ ಪ್ರಾಣ ಕಳೆದುಕೊಂಡವರು. ಬಾಪು ಒಪ್ಪಿದರೆ ಮಾತ್ರ ಮದುವೆ ಎಂಬುದು ಆಕೆಯ ನಿಲುವು.

1942ರಲ್ಲಿ ಶ್ರೀರಾಮ ಗೋಡೆಗಳ ಮೇಲೆ ‘ಕ್ವಿಟ್ ಇಂಡಿಯಾ’ ಬರೆಯುತ್ತಾನೆ. ‘ಕ್ಯೂ’ ಅಕ್ಷರ ಬಣ್ಣವನ್ನೆಲ್ಲ ನುಂಗುತ್ತದೆಂದು ಗೊಣಗುತ್ತಾನೆ. ಗಾಂಧೀಜಿಯ ಆದೇಶದಂತೆ ಭಾರತಿ ಸ್ವಯಂ ಜೈಲು ಸೇರಿದಾಗ ಅವನು ದಿಕ್ಕು ತಪ್ಪಿ, ಜಗದೀಶನೆಂಬಾತನೊಡನೆ ವಿಧ್ವಂಸಕ ಕೃತ್ಯಗಳಿಗೆ ಇಳಿಯುತ್ತಾನೆ. ಅಹಿಂಸೆಯ ಹಾದಿ ಅವನಿಗೆ ಅರ್ಥವಾಗಿದ್ದು ಭಾರತಿಯ ಮೂಲಕ ಮಾತ್ರ. ಆಕೆ ದೂರವಾದೊಡನೆ ಅದೂ ದೂರವಾಗುತ್ತದೆ.

ಮೊಮ್ಮಗನ ತಲೆಮರೆಸಿಕೊಂಡ ಬದುಕಿನ ಬೆಲೆ ತೆತ್ತವಳು ಅಜ್ಜಿ. ಸತ್ತಳೆಂದು ಸ್ಮಶಾನಕ್ಕೆ ಒಯ್ದಾಗ ಆಕೆಯಲ್ಲಿ ಜೀವದ ಸುಳಿವು ಕಾಣುತ್ತದೆ. ಸ್ಮಶಾನ ಕಂಡವಳು ಊರೊಳಗೆ ಮರಳುವುದು ಅಪಶಕುನವೆಂಬ ನಂಬಿಕೆಯಿಂದಾಗಿ ಆಕೆ ಕಾಶಿಯ ದಾರಿ ಹಿಡಿಯುತ್ತಾಳೆ. ಶ್ರೀರಾಮನಿಗೆ ಸೆರೆಮನೆ, ಅಲ್ಲಿಯೂ ಅವನನ್ನು ದೇಶಭಕ್ತನೆಂದಲ್ಲ, ಸಾಮಾನ್ಯ ಅಪರಾಧಿಯೆಂದೇ ಕಾಣಲಾಗುತ್ತದೆ.

ಬಿಡುಗಡೆಯ ನಂತರ ಅವನು ದೆಹಲಿಗೆ ತೆರಳುತ್ತಾನೆ. ಅಲ್ಲಿ ಭಾರತಿ ದೇಶವಿಭಜನೆಯಿಂದ ಅನಾಥರಾದ ಮಕ್ಕಳ ಆರೈಕೆಯಲ್ಲಿ ತೊಡಗಿರುತ್ತಾಳೆ. ವರ್ಷಗಳ ಕಾಯುವಿಕೆಯ ಬಳಿಕ ಬಾಪು ಮದುವೆಗೆ ಸಮ್ಮತಿಸುತ್ತಾರೆ. ಆದರೆ ಅಂದು 1948ರ ಜನವರಿ 30. ಪ್ರಾರ್ಥನಾ ಸಭೆಗೆ ಹೊರಟ ಗಾಂಧೀಜಿ ಗುಂಡಿಗೆ ಬಲಿಯಾಗುವುದರೊಂದಿಗೆ ಕಾದಂಬರಿ ಮುಗಿಯುತ್ತದೆ.

ಗಾಂಧೀಜಿಯನ್ನೇ ಪಾತ್ರವಾಗಿ ತಂದ ಬಗ್ಗೆ ವಿಮರ್ಶಕರಲ್ಲಿ ಭಿನ್ನಾಭಿಪ್ರಾಯವುಂಟು. ಆದರೂ ಮಹಾ ಚಳವಳಿಯೊಳಗೆ ಅರೆಮನಸ್ಸಿನವರು, ಪ್ರೇಮಿಗಳು, ಮನೆಯಲ್ಲೇ ಉಳಿದ ಮುದುಕಿಯರೂ ಇದ್ದರೆಂಬುದನ್ನು ಈ ಕೃತಿ ಅವರನ್ನು ಹೀಯಾಳಿಸದೆ ದಾಖಲಿಸಿದೆ. ಚರಿತ್ರೆಯ ಪುಟಗಳಲ್ಲಿ ಅಂಥವರ ಹೆಸರು ದೊರೆಯುವುದು ಅಪರೂಪ.