ಚಪ್ಪಲಿ ಬಿಚ್ಚಿದವನು, ಚಪ್ಪಲಿ ಹೊಲಿದವನು

ನಮ್ಮಜ್ಜಿ ಮಡಿಯುಟ್ಟು ಅಡುಗೆ ಮಾಡುವಾಗ ನಾವು ಮಕ್ಕಳು ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. "ಮುಟ್ಟಬೇಡ್ರೋ, ದೂರ ನಿಂತ್ಕೊಳ್ಳಿ" ಅನ್ನೋಳು. ಪವಿತ್ರ ಅಂದ್ರೆ ಮುಟ್ಟಬಾರದ್ದು ಅಂತ ನನ್ನ ತಲೆಯಲ್ಲಿ ಕೂತಿದ್ದು ಅಲ್ಲಿಂದಲೇ. ಕ್ರೈಸ್ತರಲ್ಲಿ ಈ ಲೆಕ್ಕ ಬೇರೆ ಇರಬಹುದು ಅಂದುಕೊಂಡಿದ್ದೆ. ಹೋದ ವರ್ಷ ಓದಲು ಕೂತಾಗ ಗೊತ್ತಾಯ್ತು, ಅವರ ಕಥೆಯೂ 'ದೂರ ನಿಲ್ಲು' ಎಂಬಲ್ಲಿಂದಲೇ ಶುರುವಾಗುತ್ತೆ.

ಓದೋಕೆ ಕಾರಣ ಧರ್ಮಜಿಜ್ಞಾಸೆಯೇನಲ್ಲ. ಆಫೀಸಿನಲ್ಲಿ ನನ್ನನ್ನು ಹೊಸ ಪ್ರಾಡಕ್ಟ್ ಕಟ್ಟುವ ಟೀಮಿನಿಂದ ತೆಗೆದು ಸಪೋರ್ಟಿಗೆ ಹಾಕಿದ್ದರು. ಬೆಳಗ್ಗೆ ಟಿಕೆಟ್ ತೆರೆ, ಸಂಜೆ ಟಿಕೆಟ್ ಮುಚ್ಚು. ಇದೂ ಒಂದು ಬದುಕಾ ಅಂತ ಕ್ಯಾಂಟೀನಿನಲ್ಲಿ ಗೊಣಗುತ್ತಿದ್ದೆ. ಪಕ್ಕದ ಸೀಟಿನ ಮೇಡಂ, ತಪ್ಪದೆ ಚರ್ಚಿಗೆ ಹೋಗುವವರು, ಒಂದು ತೆಳ್ಳನೆಯ ಪುಸ್ತಕ ಕೊಟ್ಟು, "ಇವನೂ ಬೇಡದ ಡಿಪಾರ್ಟ್‌ಮೆಂಟಿಗೆ ಬಿದ್ದವನೇ, ಓದಿ ನೋಡಿ" ಅಂದರು. ಅದು ಬ್ರದರ್ ಲಾರೆನ್ಸ್ ಎಂಬ ಹದಿನೇಳನೇ ಶತಮಾನದ ಅಡುಗೆಯವನ ಪುಸ್ತಕ. ಅವನ ವಿಷಯಕ್ಕೆ ಬರುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೀಬ್ರೂ ಬೈಬಲ್ಲಿನಲ್ಲಿ ಪವಿತ್ರ ಎಂಬುದಕ್ಕೆ ಇರುವ ಪದ 'ಕದೋಶ್'. ಬೇರೆಯಾಗಿ ತೆಗೆದಿಟ್ಟದ್ದು ಎಂಬ ಅರ್ಥ ಅದರೊಳಗಿದೆ. ಉರಿಯುವ ಪೊದೆಯ ಹತ್ತಿರ ಬಂದ ಮೋಶೆಗೆ ದೇವರು ಹೇಳುವ ಮೊದಲ ಮಾತುಗಳಲ್ಲೇ ಚಪ್ಪಲಿ ಬಿಚ್ಚು, ಇದು ಪವಿತ್ರ ನೆಲ ಎಂಬ ಎಚ್ಚರಿಕೆ ಇದೆ. ಮುಂದೆ ಜೆರುಸಲೇಮಿನ ದೇವಾಲಯದಲ್ಲಿ ಒಂದು ಗರ್ಭಗುಡಿ, ಅದಕ್ಕೊಂದು ಪರದೆ. ವರ್ಷಕ್ಕೆ ಒಂದೇ ದಿನ ಮಹಾಯಾಜಕ ಒಬ್ಬನೇ ಅದರೊಳಗೆ ಹೋಗಬಹುದು. ಅವನ ಹಣೆಯ ಮೇಲಿನ ಚಿನ್ನದ ಪಟ್ಟಿಯ ಮೇಲೆ, ಇದು ದೇವರಿಗೆ ಮೀಸಲು ಎಂಬರ್ಥದ ಬರಹ.

ಆದರೆ ಅದೇ ಹೀಬ್ರೂ ಬೈಬಲ್ಲಿನ ಜೆಕರ್ಯನ ಗ್ರಂಥದ ಕೊನೆಯಲ್ಲಿ ವಿಚಿತ್ರವಾದ ಒಂದು ಮಾತು ಬರುತ್ತೆ. ಮುಂದೊಂದು ದಿನ ಅದೇ ಬರಹ ಕುದುರೆಗಳ ಗಂಟೆಗಳ ಮೇಲೂ ಇರುತ್ತದಂತೆ. ಊರಿನ ಅಡುಗೆ ಪಾತ್ರೆಗಳೆಲ್ಲ ದೇವಾಲಯದ ಪಾತ್ರೆಗಳಷ್ಟೇ ಪವಿತ್ರವಾಗುತ್ತವಂತೆ! ಇಲ್ಲಿ ಮಡಿ ಹೋಗಿಲ್ಲ, ಊರಿಗೂರೇ ಮಡಿಯಾಗಿಬಿಟ್ಟಿದೆ.

ಮೊದಲ ಕ್ರೈಸ್ತರು ಆ ದಿನ ಬಂದಾಯಿತು ಎಂದೇ ನಂಬಿದರು. ಯೇಸು ಸತ್ತ ಗಳಿಗೆಯಲ್ಲಿ ಆ ಪರದೆ ಮೇಲಿಂದ ಕೆಳಗೆ ಹರಿಯಿತು ಅಂತ ಸುವಾರ್ತೆಗಳು ಹೇಳುತ್ತವೆ. ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಅಲ್ಲಿನ ಸಾಮಾನ್ಯ ಜನರನ್ನೇ ಪವಿತ್ರರು ಅಂತ ಕರೆದ. ಅವರೇನು ಸಾಧುಗಳಾ? ಗುಂಪುಗಾರಿಕೆ ಮಾಡುತ್ತಿದ್ದರು, ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುತ್ತಿದ್ದರು. ಅದೇ ಪತ್ರದಲ್ಲಿ ಅದಕ್ಕೆ ಬೈದೂ ಇದ್ದಾನೆ.

ಆಮೇಲೆ ಹಳೇ ಗೋಡೆ ಮತ್ತೆ ಎದ್ದಿತು. ಮೂರು, ನಾಲ್ಕನೇ ಶತಮಾನಗಳಲ್ಲಿ ಈಜಿಪ್ಟಿನ ಮರುಭೂಮಿಗೆ ಹೋದ ಸನ್ಯಾಸಿಗಳೇ ಪವಿತ್ರತೆಯ ಮಾದರಿಯಾದರು. ಸಂಸಾರ, ಸಂತೆ, ಸಂಬಳ ಎಲ್ಲ ಎರಡನೇ ದರ್ಜೆ. ಮಜಾ ಏನಂದ್ರೆ, ಆ ಗೋಡೆಯಲ್ಲಿ ಕಿಂಡಿ ಕೊರೆದದ್ದೂ ಸನ್ಯಾಸಿಗಳೇ. ಆರನೇ ಶತಮಾನದ ಸಂತ ಬೆನೆಡಿಕ್ಟ್ ಮಠಕ್ಕೆ ಬರೆದ ನಿಯಮಾವಳಿಯ 31ನೇ ಅಧ್ಯಾಯ ಉಗ್ರಾಣಿಯ ಕುರಿತದ್ದು. ಮಠದ ಎಲ್ಲ ಪಾತ್ರೆ ಪಗಡಗಳನ್ನೂ ಪೂಜಾಪೀಠದ ಪಾತ್ರೆಗಳಂತೆಯೇ ನೋಡಿಕೊಳ್ಳಬೇಕು ಅನ್ನುತ್ತೆ ಅದು.

ಈಗ ನಮ್ಮ ಅಡುಗೆಯವನು. ನಿಕೊಲಾ ಹೆರ್ಮಾನ್ ಹುಟ್ಟಿದ್ದು 1614ರ ಸುಮಾರಿಗೆ, ಈಗಿನ ಫ್ರಾನ್ಸಿನ ಲೊರೇನ್ ಪ್ರಾಂತ್ಯದಲ್ಲಿ. ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾಗಿ ಕಾಲಿಗೆ ಪೆಟ್ಟು ತಿಂದ, ಜೀವನವಿಡೀ ಕುಂಟಿದ. ಆಮೇಲೆ ಒಬ್ಬ ದೊಡ್ಡ ಮನುಷ್ಯರ ಮನೆಯಲ್ಲಿ ಆಳಾಗಿದ್ದ. ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದು ಹಾಕುವ ಒಡ್ಡ ನಾನು ಅಂತ ತನ್ನ ಬಗ್ಗೆ ತಾನೇ ಹೇಳಿಕೊಂಡಿದ್ದಾನೆ. 1640ರಲ್ಲಿ ಪ್ಯಾರಿಸಿನ ಕಾರ್ಮೆಲೈಟ್ ಮಠ ಸೇರಿ ಬ್ರದರ್ ಲಾರೆನ್ಸ್ ಆದ. ಪಾದ್ರಿಯಾಗಿ ಅಲ್ಲ, ಮೈಮುರಿದು ದುಡಿಯುವ ಸಹೋದರನಾಗಿ. ಕೊಟ್ಟ ಕೆಲಸ ಅಡುಗೆ. ಅಡುಗೆಮನೆ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಆದರೂ ಸುಮಾರು ಹದಿನೈದು ವರ್ಷ ಅಲ್ಲೇ ಇದ್ದ.

ಮಠಕ್ಕೆ ವೈನ್ ತರೋಕೆ ಅವನನ್ನು ಬರ್ಗಂಡಿಗೂ ಕಳಿಸುತ್ತಿದ್ದರು. ವ್ಯವಹಾರ ಗೊತ್ತಿಲ್ಲ, ಕಾಲು ಬೇರೆ ಕುಂಟು. ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಆಚೀಚೆ ಹೋಗಬೇಕಿತ್ತಂತೆ. ಇದನ್ನೆಲ್ಲ ನಮಗೆ ದಾಟಿಸಿದವರು ಬೋಫೋರ್ ಎಂಬ ಪಾದ್ರಿ. 1666ರ ಆಗಸ್ಟಿನಿಂದ ಅವನೊಡನೆ ನಡೆಸಿದ ಮಾತುಕತೆಗಳನ್ನು ಅವರು ಬರೆದಿಟ್ಟರು. ಅವನ ಪತ್ರಗಳನ್ನೂ ಸೇರಿಸಿ 1691ರಲ್ಲಿ ಅವನು ಸತ್ತ ಮೇಲೆ ಅಚ್ಚು ಹಾಕಿಸಿದರು.

ಅವನು ಕಂಡುಕೊಂಡದ್ದು ಇಷ್ಟೇ: ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಅಂತಿಲ್ಲ. ಬಾಣಲೆಯಲ್ಲಿ ಆಮ್ಲೆಟ್ ತಿರುವಿ ಹಾಕುವುದನ್ನೂ ದೇವರ ಪ್ರೀತಿಗಾಗಿ ಮಾಡಬಹುದು. ದೇವರು ನೋಡುವುದು ಕೆಲಸ ಎಷ್ಟು ದೊಡ್ಡದು ಅಂತಲ್ಲ, ಅದರ ಹಿಂದಿನ ಪ್ರೀತಿ ಎಷ್ಟು ಅಂತ.

ಇಷ್ಟು ಓದಿದಾಗ ನನಗೆ ರೇಗಿತು. ಇದು ಮ್ಯಾನೇಜರುಗಳಿಗೆ ಹೇಳಿ ಮಾಡಿಸಿದ ಉಪದೇಶ ಅಲ್ವಾ? ಯಾವ ಕೆಲಸವಾದರೂ ಪವಿತ್ರ, ಬಾಯಿ ಮುಚ್ಚಿಕೊಂಡು ಮಾಡು! ಆ ಅಪಾಯ ಖಂಡಿತ ಇದೆ. ಆದರೆ ಲಾರೆನ್ಸ್ ಈ ಮಾತನ್ನು ಇನ್ನೊಬ್ಬರ ಮೇಲೆ ಹೇರಲಿಲ್ಲ. ಅಡುಗೆಮನೆ ಚೆನ್ನಾಗಿದೆ ಅಂತ ಸುಳ್ಳೂ ಹೇಳಲಿಲ್ಲ. ಮೊದಲ ಹತ್ತು ವರ್ಷ ತುಂಬಾ ನರಳಿದೆ ಅಂತ ಪತ್ರದಲ್ಲಿ ಬರೆದಿದ್ದಾನೆ. ಮನಸ್ಸು ಎಲ್ಲೋ ಹೋದರೆ, ತಪ್ಪಾಯ್ತು ಅಂತ ದೇವರಿಗೆ ಹೇಳಿ, ಅದನ್ನೇ ಕೊರೆಯುತ್ತಾ ಕೂರದೆ ಮತ್ತೆ ಒಲೆಯ ಮುಂದೆ ನಿಲ್ಲುತ್ತಿದ್ದ. ಅವನ ಪವಿತ್ರತೆ ಒಲೆಯಿಂದ ಬಂದದ್ದಲ್ಲ, ಯಜಮಾನನಿಂದ ಬಂದದ್ದೂ ಅಲ್ಲ. ಆದ್ದರಿಂದ ಅದನ್ನು ಅಪ್ರೈಸಲ್ಲಿನಲ್ಲಿ ಕೊಡೋಕೂ ಆಗಲ್ಲ, ಕಿತ್ತುಕೊಳ್ಳೋಕೂ ಆಗಲ್ಲ.

ಚರ್ಚ್ ಅವನಿಗೆ ಸಂತ ಪದವಿ ಕೊಟ್ಟಿಲ್ಲ. ಅವನ ಪುಟ್ಟ ಪುಸ್ತಕವನ್ನು ಮುಂದೆ ಇಂಗ್ಲೆಂಡಿನ ಜಾನ್ ವೆಸ್ಲಿಯಂಥ ಪ್ರಾಟೆಸ್ಟೆಂಟರೂ ಓದಿ ಹಂಚಿದರು.

ನಾನು ಈಗಲೂ ಸಪೋರ್ಟಿನಲ್ಲೇ ಇದ್ದೇನೆ, ಬೇರೆ ಟೀಮಿಗೆ ಅರ್ಜಿಯನ್ನೂ ಹಾಕಿದ್ದೇನೆ. ಆದರೆ ಟಿಕೆಟ್ಟಿನ ಆಚೆ ಕಡೆ ಕಂಗಾಲಾಗಿ ಕೂತ ಒಬ್ಬ ಮನುಷ್ಯ ಇದ್ದಾನೆ ಅನ್ನೋದು ಈಗ ಕೆಲವು ದಿನವಾದರೂ ನೆನಪಿರುತ್ತೆ.

ಲಾರೆನ್ಸಿನ ಪಂಥಕ್ಕೆ ಬರಿಗಾಲಿನವರು ಅಂತಲೇ ಹೆಸರು, ಆದರೂ ಕಾಲಿಗೆ ಚಪ್ಪಲಿ ಇರುತ್ತಿತ್ತು. ಅಡುಗೆಮನೆಯಲ್ಲಿ ನಿಲ್ಲಲಾಗದಷ್ಟು ಕಾಲು ಕೆಟ್ಟಾಗ ಅವನಿಗೆ ಕೊಟ್ಟದ್ದು ಆ ಚಪ್ಪಲಿಗಳನ್ನು ರಿಪೇರಿ ಮಾಡುವ ಕೆಲಸ. ಪವಿತ್ರ ನೆಲದಲ್ಲಿ ಮೋಶೆ ಚಪ್ಪಲಿ ಬಿಚ್ಚಿದ. ಇವನು ಕೂತಲ್ಲೇ ಚಪ್ಪಲಿ ಹೊಲಿದ. ಅದೂ ಪವಿತ್ರ ನೆಲವೇ ಅಂತ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.